ಹಳೆಯ ಹಸ್ಕ್ವರ್ನಾ 61 ಚೈನ್‌ಸಾದ ಶಕ್ತಿ ಹೆಚ್ಚಿಸಲು ಯಾವ ಮಾರ್ಪಾಡನ್ನು ಮೊದಲು ಮಾಡಬೇಕು?

ದಿಮ್ಮಿಗಾರ (ಪ್ರಶ್ನೆ)

ನನ್ನ ಬಳಿ ಒಂದು ಹಳೆಯ ಹಸ್ಕ್ವರ್ನಾ 61 ಚೈನ್‌ಸಾ ಇದೆ. ಹಲವು ವರ್ಷ ಮೂಲೆ ಸೇರಿದ್ದ ಅದನ್ನು ಈಚೆಗೆ ಬಿಚ್ಚಿ ತೊಳೆದು, ಹೊಸ ಪೆಟ್ರೋಲ್ ಪೈಪು, ಫಿಲ್ಟರ್ ಮತ್ತು ಪ್ಲಗ್ ಹಾಕಿದೆ. ನಾಲ್ಕನೆಯ ಎಳೆತಕ್ಕೇ ಚಾಲೂ ಆಯಿತು. ಸಣ್ಣ ದಿಮ್ಮಿಗಳನ್ನು ಚೆನ್ನಾಗಿಯೇ ಕೊಯ್ಯುತ್ತದೆ. ಆದರೆ 20 ಇಂಚಿನ ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಪೂರ್ತಿಯಾಗಿ ಮರದೊಳಗೆ ಇಳಿದಾಗ ಉಸಿರು ಕಟ್ಟಿದಂತೆ ವೇಗ ಕುಸಿಯುತ್ತದೆ. ಕಂಪ್ರೆಷನ್ ಮೀಟರ್ 140 ಪಿಎಸ್ಐ ತೋರಿಸುತ್ತಿದೆ.

ಇದನ್ನು ಬಿಸಾಡಿ ಹೊಸದನ್ನು ಕೊಳ್ಳುವ ಮನಸ್ಸು ನನಗಿಲ್ಲ. ಇದರ ಕ್ರ್ಯಾಂಕ್‌ಕೇಸಿನ (ಸಿಲಿಂಡರಿನ ಕೆಳಗೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆ) ಗಟ್ಟಿತನ, ಬಿಚ್ಚಿ ಜೋಡಿಸಲು ಇರುವ ಸರಾಗ, ಎರಡನ್ನೂ ನಾನು ಮೆಚ್ಚಿಕೊಂಡಿದ್ದೇನೆ. ಆದ್ದರಿಂದ ಸೈಲೆನ್ಸರಿನ ಬಾಯಿ ದೊಡ್ಡದು ಮಾಡುವುದು, ಸಿಲಿಂಡರಿನ ಕೆಳಗಿನ ಗ್ಯಾಸ್ಕೆಟ್ ತೆಗೆದುಹಾಕುವುದು, ಫ್ಲೈವೀಲಿನ ಕೀ ಅರೆದು ಕಿಡಿಯನ್ನು ಸ್ವಲ್ಪ ಮುಂಚಿತವಾಗಿ ಬರಿಸುವುದು, ಎಕ್ಸಾಸ್ಟ್ ಪೋರ್ಟ್ (ಸಿಲಿಂಡರಿನಿಂದ ಹೊಗೆ ಹೊರಹೋಗುವ ಕಿಂಡಿ) ಅಗಲಿಸುವುದು ಅಥವಾ ನೇರವಾಗಿ ಇದೇ ಕಂಪನಿಯ ದೊಡ್ಡ ಮಾದರಿಯಾದ 272ರ ಸಿಲಿಂಡರ್ ಮತ್ತು ಪಿಸ್ಟನ್ ಕೂರಿಸುವುದು, ಹೀಗೆ ಹಲವು ದಾರಿಗಳನ್ನು ಯೋಚಿಸಿದ್ದೇನೆ. ಯಾವುದು ನಿಜವಾಗಿ ಫಲ ಕೊಡುತ್ತದೆ, ಯಾವುದು ಯಂತ್ರದ ಆಯಸ್ಸನ್ನು ತಿನ್ನುತ್ತದೆ ಎಂಬುದನ್ನು ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ. ಇನ್ನೊಂದು ವಿಷಯವಿದೆ: ಎಂಜಿನ್ ಬಿಸಿಯಾದ ಮೇಲೆ ಐಡಲ್ ವೇಗ (ಥ್ರಾಟಲ್ ಒತ್ತದಿರುವಾಗಿನ ವೇಗ) ಒಮ್ಮೊಮ್ಮೆ ತಾನಾಗಿಯೇ ಏರುತ್ತದೆ. ಹಳೆಯ ಯಂತ್ರವಾದ್ದರಿಂದ ಅದು ಸಹಜವೆಂದುಕೊಂಡಿದ್ದೇನೆ.

ಕ್ರ್ಯಾಂಕ್‌ಕೇಸ್

ನೀವು ಕೊನೆಯಲ್ಲಿ ಹೇಳಿದ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಇಡೀ ಪ್ರಶ್ನೆಯಲ್ಲಿ ಅದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. ಬಿಸಿಯಾದ ಮೇಲೆ ಐಡಲ್ ತಾನಾಗಿ ಏರುವುದು ಸಹಜವಲ್ಲ. ಎಂಜಿನ್ ಎಲ್ಲಿಂದಲೋ ಕಳ್ಳಗಾಳಿ ಎಳೆದುಕೊಳ್ಳುತ್ತಿದೆ ಎಂಬುದರ ಮೊದಲ ಸೂಚನೆ ಸಾಮಾನ್ಯವಾಗಿ ಅದೇ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನೊಂದಿಗೆ ಬರುವ ಆಯಿಲ್ಲೇ ಬೇರಿಂಗಿಗೂ ಪಿಸ್ಟನ್ನಿಗೂ ಜೀವ. ಕಾರ್ಬೊರೇಟರನ್ನು ದಾಟದೆ ಒಳನುಗ್ಗಿದ ಗಾಳಿ ಪೆಟ್ರೋಲನ್ನೂ ತರುವುದಿಲ್ಲ, ಆಯಿಲನ್ನೂ ತರುವುದಿಲ್ಲ. ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಬಿಸಿಯೇರುತ್ತದೆ, ಕೊನೆಗೆ ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಇಂತಹ ಸ್ಥಿತಿಯಲ್ಲಿರುವ ಯಂತ್ರಕ್ಕೆ ಶಕ್ತಿ ಹೆಚ್ಚಿಸುವ ಯಾವ ಮಾರ್ಪಾಡನ್ನು ಮಾಡಿದರೂ ಅದು ಕಚ್ಚಿಕೊಳ್ಳುವ ದಿನವನ್ನು ಹತ್ತಿರ ತರುತ್ತದೆ, ಅಷ್ಟೆ.

ಆದ್ದರಿಂದ ಮೊದಲು ಒತ್ತಡ ಪರೀಕ್ಷೆ ಮಾಡಿ. ಎಕ್ಸಾಸ್ಟ್ ಮತ್ತು ಇನ್‌ಟೇಕ್ ಬಾಯಿಗಳನ್ನು ರಬ್ಬರ್ ಹಾಳೆಯಿಂದ ಮುಚ್ಚಿ, ಇಂಪಲ್ಸ್ ರಂಧ್ರದ (ಕ್ರ್ಯಾಂಕ್‌ಕೇಸಿನ ಒತ್ತಡವನ್ನು ಕಾರ್ಬೊರೇಟರಿಗೆ ಒಯ್ಯುವ ರಂಧ್ರ) ಮೂಲಕ ಕೈಪಂಪಿನಿಂದ 0.5 ಬಾರ್ ಒತ್ತಡ ಕೊಡಿ; 20 ಸೆಕೆಂಡು ಮುಳ್ಳು ಅಲುಗಬಾರದು. ಬಳಿಕ ಅಷ್ಟೇ ಪ್ರಮಾಣದ ನಿರ್ವಾತ ಕೊಟ್ಟು, ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸುತ್ತ ನೋಡಿ. ಈ ಎರಡನೆಯ ಭಾಗವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕ್ರ್ಯಾಂಕ್ ಶಾಫ್ಟಿನ ಸುತ್ತ ಗಾಳಿ ತಡೆಯುವ ಬಳೆಯೇ ಸೀಲು; ಗಟ್ಟಿಯಾದ ಹಳೆಯ ಸೀಲಿನ ತುಟಿ ಒಳಗಿನ ಒತ್ತಡಕ್ಕೆ ಶಾಫ್ಟಿಗೆ ಒತ್ತಿಕೊಂಡು ಸರಿಯಾಗಿಯೇ ಇರುವಂತೆ ತೋರುತ್ತದೆ, ನಿರ್ವಾತದಲ್ಲಿ ಮಾತ್ರ ಎದ್ದು ಗಾಳಿ ಬಿಡುತ್ತದೆ. ಎಂಜಿನ್ ಕೆಲಸ ಮಾಡುವಾಗ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡವೂ ನಿರ್ವಾತವೂ ಪ್ರತಿ ಸುತ್ತಿಗೊಮ್ಮೆ ಬಂದುಹೋಗುವುದರಿಂದ ಎರಡರಲ್ಲೂ ತೇರ್ಗಡೆಯಾಗಲೇಬೇಕು. ಸೀಲುಗಳ ಜೊತೆಗೆ ಇನ್‌ಟೇಕಿನ ರಬ್ಬರ್ ಬೂಟನ್ನು ಬಗ್ಗಿಸಿ ಬಿರುಕು ಹುಡುಕಿ, ಕಾರ್ಬೊರೇಟರಿನ ಡಯಾಫ್ರಾಮುಗಳನ್ನು (ಪೆಟ್ರೋಲನ್ನು ಒಳಕ್ಕೆ ತರುವ ತೆಳು ಪೊರೆಗಳು) ಹೊಸದಾಗಿ ಹಾಕಿ. ವರ್ಷಗಟ್ಟಲೆ ಒಣಗಿದ ಡಯಾಫ್ರಾಮ್ ಕಾಗದದಂತೆ ಸೆಟೆದುಕೊಂಡಿರುತ್ತದೆ. ಪೂರ್ತಿ ಭಾರದಲ್ಲಿ ಪೆಟ್ರೋಲ್ ಸಾಲದೆ ಉಸಿರುಕಟ್ಟುವುದಕ್ಕೆ ಅದೊಂದೇ ಕಾರಣವಾಗಬಹುದು.

ಇವೆಲ್ಲ ಸರಿಯಾದ ಮೇಲೆ ಸೈಲೆನ್ಸರಿಗೆ ಕೈ ಹಾಕಿ. ಮಾರ್ಪಾಡುಗಳಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಡುವುದು ಇದೇ ಎಂದು ನನ್ನ ಅನುಭವ. ಹೊಗೆ ಹೊರಬೀಳುವ ಬಾಯಿಯ ವಿಸ್ತೀರ್ಣ ಎಕ್ಸಾಸ್ಟ್ ಪೋರ್ಟಿನ ವಿಸ್ತೀರ್ಣದ ಮುಕ್ಕಾಲು ಭಾಗದಷ್ಟಾದರೆ ಸಾಕು. ಅದಕ್ಕಿಂತ ಹೆಚ್ಚು ಕೊರೆದರೆ ಶಬ್ದ ಏರುತ್ತದೆಯೇ ಹೊರತು ಶಕ್ತಿ ಅಷ್ಟಾಗಿ ಏರುವುದಿಲ್ಲ. ಹೊಸ ಬಾಯಿ ಕೈಹಿಡಿಯ ಕಡೆಗೂ ಪೆಟ್ರೋಲ್ ಟ್ಯಾಂಕಿನ ಕಡೆಗೂ ತಿರುಗಿರಬಾರದು, ಕಿಡಿ ತಡೆಯುವ ಜಾಲರಿಯನ್ನು ಮರಳಿ ಕೂರಿಸಲೇಬೇಕು.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಬೇಕು. ನನ್ನ ಮೊದಲ ಚೈನ್‌ಸಾದ ಸೈಲೆನ್ಸರನ್ನು ಅಗಲಿಸಿ, ಕಾರ್ಬೊರೇಟರನ್ನು ಮುಟ್ಟದೆ, ಹೊಸ ಶಬ್ದದ ಸಂಭ್ರಮದಲ್ಲಿ ನೇರವಾಗಿ ಕೆಲಸಕ್ಕೆ ಇಳಿದೆ. ಎರಡು ಟ್ಯಾಂಕ್ ಮುಗಿಯುವಷ್ಟರಲ್ಲಿ ಪಿಸ್ಟನ್ನಿನ ಎಕ್ಸಾಸ್ಟ್ ಬದಿ ಉದ್ದಕ್ಕೂ ಗೀರಿಹೋಗಿತ್ತು. ಹೊಗೆ ಸರಾಗವಾಗಿ ಹೊರಹೋದರೆ ಗಾಳಿ ಹೆಚ್ಚು ಒಳಬರುತ್ತದೆ, ಆ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ನಾವೇ ಹೆಚ್ಚಿಸಬೇಕು ಎಂಬುದನ್ನು ಆ ಪಿಸ್ಟನ್ ನನಗೆ ಕಲಿಸಿತು. ಕಾರ್ಬೊರೇಟರಿನಲ್ಲಿ ಮೇಲ್ವೇಗದ ಪೆಟ್ರೋಲನ್ನು ಹೊಂದಿಸುವ ಎಚ್ ಸ್ಕ್ರೂವನ್ನು ಒಂದೆಂಟಾಂಶ ಸುತ್ತಿನಂತೆ ಹೊರಕ್ಕೆ ತಿರುಗಿಸುತ್ತ ಹೋಗಿ. ಮರದಿಂದ ಹೊರಗೆ ಪೂರ್ತಿ ಥ್ರಾಟಲಿನಲ್ಲಿ ಎಂಜಿನ್ ಫೋರ್ ಸ್ಟ್ರೋಕಿನಂತೆ ಒಡೆದ ದನಿಯಲ್ಲಿ ಗೊಗ್ಗರಿಸಬೇಕು, ಮರಕ್ಕೆ ಇಳಿಸಿದೊಡನೆ ಆ ದನಿ ಶುದ್ಧವಾಗಬೇಕು. ಸುತ್ತು ಎಣಿಸುವ ಟ್ಯಾಕೋಮೀಟರ್ ಇದ್ದರೆ ತಯಾರಕರು ನಮೂದಿಸಿದ ಗರಿಷ್ಠ ವೇಗಕ್ಕಿಂತ ಸ್ವಲ್ಪ ಕೆಳಗೇ ನಿಲ್ಲಿಸಿ. ಇನ್ನೊಂದು ಮಾತು: ರಕ್ಷಣೆಗೆಂದು ಆಯಿಲ್ ಹೆಚ್ಚು ಬೆರೆಸಿದರೆ ಕಾರ್ಬೊರೇಟರಿನ ಅದೇ ಕಿರುರಂಧ್ರದಲ್ಲಿ ಹರಿಯುವ ಪೆಟ್ರೋಲ್ ಅಷ್ಟು ಕಡಿಮೆಯಾಗಿ ಮಿಶ್ರಣ ತೆಳುವೇ ಆಗುತ್ತದೆ, ಆದ್ದರಿಂದ ಬೆರಕೆಯ ಪ್ರಮಾಣ ಬದಲಿಸಿದಾಗಲೆಲ್ಲ ಟ್ಯೂನಿಂಗ್ ಮತ್ತೆ ಮಾಡಬೇಕು.

ಗ್ಯಾಸ್ಕೆಟ್ ತೆಗೆಯುವ ಮುನ್ನ ಸ್ಕ್ವಿಶ್ (ಪಿಸ್ಟನ್ ತುತ್ತತುದಿಗೇರಿದಾಗ ಮೇಲೆ ಉಳಿಯುವ ಅಂತರ) ಅಳೆಯದೆ ಮುಂದುವರಿಯಬೇಡಿ. ಮೆತುವಾದ ಬೆಸುಗೆ ತಂತಿಯನ್ನು ಪ್ಲಗ್ಗಿನ ರಂಧ್ರದಿಂದ ಸಿಲಿಂಡರಿನ ಗೋಡೆ ಮುಟ್ಟುವವರೆಗೆ, ಪಿಸ್ಟನ್ ಪಿನ್ನಿನ ದಿಕ್ಕಿನಲ್ಲಿ ತೂರಿಸಿ, ಕ್ರ್ಯಾಂಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತುದಿಯ ದಪ್ಪವೇ ಪಿಸ್ಟನ್ನಿನ ಅಂಚಿಗೂ ಸಿಲಿಂಡರಿನ ತಲೆಗೂ ನಡುವೆ ಉಳಿದಿರುವ ಅಂತರ. ಎರಡೂ ಬದಿಯಲ್ಲಿ ಅಳೆಯಿರಿ. ಗ್ಯಾಸ್ಕೆಟ್ ಹೋದ ಮೇಲೆ 0.5 ಮಿಲಿಮೀಟರ್ ಉಳಿಯುವಂತಿದ್ದರೆ ತೆಗೆಯಬಹುದು, ಅದಕ್ಕಿಂತ ಕಡಿಮೆಯಾಗುವಂತಿದ್ದರೆ ತೆಳು ಗ್ಯಾಸ್ಕೆಟ್ ಹಾಕಿ. ಸಿಲಿಂಡರ್ ಅರ್ಧ ಮಿಲಿಮೀಟರ್ ಕೆಳಗಿಳಿದರೆ ಈ ಎಂಜಿನ್ನಿನ 34 ಮಿಲಿಮೀಟರ್ ಸ್ಟ್ರೋಕಿನಲ್ಲಿ (ಪಿಸ್ಟನ್ ಏರಿಳಿಯುವ ದೂರ) ಎಕ್ಸಾಸ್ಟ್ ಪೋರ್ಟ್ ಕ್ರ್ಯಾಂಕಿನ ತಿರುವಿನಲ್ಲಿ ಸುಮಾರು 2 ಡಿಗ್ರಿ ತಡವಾಗಿ ತೆರೆಯುತ್ತದೆ ಎಂಬುದೂ ಗಮನದಲ್ಲಿರಲಿ. ಇದರಿಂದ ಕೆಳವೇಗದ ಎಳೆತ ಹೆಚ್ಚುತ್ತದೆ, ಮೇಲ್ವೇಗ ತುಸು ಕುಗ್ಗಬಹುದು. ಉದ್ದದ ಬಾರ್ ಎಳೆಯಬೇಕಾದ ನಿಮಗೆ ಅದು ಅನುಕೂಲವೇ.

ಅರಗಾರ

ಮೇಲಿನ ಉತ್ತರವನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಆದರೆ ಮರವನ್ನು ಕೊಯ್ಯುವುದು ಎಂಜಿನ್ ಅಲ್ಲ, ಚೈನು. ಬಾರ್ ಪೂರ್ತಿ ಇಳಿದಾಗ ವೇಗ ಕುಸಿಯುವುದಕ್ಕೆ ಚೈನಿನ ಹಲ್ಲೂ ಕಾರಣವಾಗಿರಬಹುದು.

ಇಂದು ನಾವೆಲ್ಲ ಬಳಸುವ ಚೈನಿನ ಮೂಲ ರೂಪ ಹುಟ್ಟಿದ್ದು 1946ರಲ್ಲಿ, ಜೋಸೆಫ್ ಕಾಕ್ಸ್ ಎಂಬ ಮರಕಡಿಯುವವರು ಮರದ ದುಂಬಿಯ ಮರಿಹುಳು ತನ್ನ ದವಡೆಗಳಿಂದ ಎಡಕ್ಕೂ ಬಲಕ್ಕೂ ಕೊರೆಯುತ್ತ ನಾರಿಗೆ ಅಡ್ಡವಾಗಿಯೂ ಸಲೀಸಾಗಿ ಸಾಗುವುದನ್ನು ಕಂಡಾಗ. ಎಡ ಹಲ್ಲು, ಬಲ ಹಲ್ಲು ಸಮನಾಗಿರಬೇಕು ಎಂಬ ನಿಯಮ ಅಲ್ಲಿಂದಲೇ ಬಂದದ್ದು. ಒಂದು ಬದಿಯ ಹಲ್ಲು ಮೊಂಡಾದರೆ ಕೊಯ್ತ ಆ ಕಡೆ ತಿರುಗದೆ ಇನ್ನೊಂದು ಕಡೆಗೆ ಬಾಗಿ, ಬಾರ್ ಇಕ್ಕಟ್ಟಿನಲ್ಲಿ ಸಿಕ್ಕಿ, ಎಂಜಿನ್ನಿನ ಶಕ್ತಿಯೆಲ್ಲ ಉಜ್ಜುವುದರಲ್ಲೇ ವ್ಯಯವಾಗುತ್ತದೆ.

ಹಲ್ಲು ಹರಿತವಾಗಿದ್ದೂ ಚಕ್ಕೆಯ ಬದಲು ಪುಡಿ ಬೀಳುತ್ತಿದ್ದರೆ ರೇಕರನ್ನು, ಅಂದರೆ ಹಲ್ಲಿನ ಮುಂದಿದ್ದು ಅದು ಕಚ್ಚುವ ಆಳವನ್ನು ನಿರ್ಧರಿಸುವ ಗುಬುಟನ್ನು ನೋಡಿ. ರೇಕರ್ ಹಲ್ಲಿಗಿಂತ 0.65 ಮಿಲಿಮೀಟರ್ ತಗ್ಗಿರಬೇಕೆಂಬ ಅಳತೆ ಹೊಸ ಚೈನಿಗೆ ಸರಿ. ಹಲ್ಲನ್ನು ಅರೆಯುತ್ತ ಹೋದಂತೆ ಅದರ ತುದಿ ರೇಕರಿನಿಂದ ಹಿಂದಕ್ಕೆ ಸರಿಯುವುದರಿಂದ, ಅದೇ 0.65 ಇಟ್ಟರೂ ಹಲ್ಲು ಮರವನ್ನು ಕಚ್ಚುವ ಕೋನ ಚಪ್ಪಟೆಯಾಗುತ್ತದೆ. ಹಾಗಾಗಿ ಅರ್ಧ ಸವೆದ ಚೈನಿಗೆ ರೇಕರ್ ಇನ್ನಷ್ಟು ತಗ್ಗಬೇಕು. ಪ್ರತಿ ಹಲ್ಲಿನ ಉದ್ದಕ್ಕೆ ತಕ್ಕಂತೆ ಆಳ ತೋರಿಸುವ ಗೇಜು ಇದಕ್ಕಾಗಿಯೇ ಇದೆ.

ಸ್ಪ್ರಾಕೆಟ್ (ಚೈನನ್ನು ಎಳೆಯುವ ಹಲ್ಲಿನ ಚಕ್ರ) ಬದಲಿಸುವ ಆಸೆ ಸದ್ಯಕ್ಕೆ ಬೇಡ. 3/8 ಇಂಚಿನ ಚೈನಿಗೆ 7 ಹಲ್ಲಿನ ಸ್ಪ್ರಾಕೆಟ್ ನಿಮಿಷಕ್ಕೆ 9,000 ಸುತ್ತಿನಲ್ಲಿ ಸೆಕೆಂಡಿಗೆ 20 ಮೀಟರ್ ವೇಗ ಕೊಡುತ್ತದೆ. 8 ಹಲ್ಲಿನದು ಹಾಕಿದರೆ ಸುಮಾರು 23 ಮೀಟರ್ ಆಗುತ್ತದೆ, ಆದರೆ ಎಳೆತದ ಬಲ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಈಗಾಗಲೇ ಉಸಿರುಕಟ್ಟುತ್ತಿರುವ ಎಂಜಿನ್ನಿಗೆ ಅದು ಹೊರೆ.

ದಿಮ್ಮಿಗಾರ

ಇಬ್ಬರಿಗೂ ಕೃತಜ್ಞತೆಗಳು. ರೇಕರುಗಳನ್ನು ಕಾರ್ಖಾನೆಯಿಂದ ಬಂದ ನಂತರ ಯಾರೂ ಮುಟ್ಟಿಯೇ ಇಲ್ಲವೆಂದು ಈಗ ಕಾಣುತ್ತಿದೆ, ಹಲ್ಲುಗಳು ಅರ್ಧಕ್ಕಿಂತ ಹೆಚ್ಚು ಸವೆದಿವೆ. ನಿರ್ವಾತ ಪರೀಕ್ಷೆಗೆ ಪಂಪು ಹೊಂದಿಸುತ್ತಿದ್ದೇನೆ. ಪೋರ್ಟ್, ಫ್ಲೈವೀಲ್ ಮತ್ತು 272ರ ಸಿಲಿಂಡರಿನ ಬಗ್ಗೆ ಯಾರಾದರೂ ತಿಳಿಸುವಿರಾ?

ಬೋರ್ 52

61, 268 ಮತ್ತು 272 ಮೂರೂ ಒಂದೇ ವಂಶದವು. ಸ್ಟ್ರೋಕ್ ಮೂರಕ್ಕೂ 34 ಮಿಲಿಮೀಟರ್. ಸಿಲಿಂಡರಿನ ಒಳವ್ಯಾಸವಾದ ಬೋರ್ ಮಾತ್ರ ಕ್ರಮವಾಗಿ 48, 50 ಮತ್ತು 52. ಆದ್ದರಿಂದ 61.5 ಸಿಸಿಯಿಂದ 72.2 ಸಿಸಿಗೆ ಏರುವುದು, ಅಂದರೆ ಶೇ 17ರಷ್ಟು ಹೆಚ್ಚಳ, ಕೇವಲ ಸಿಲಿಂಡರ್ ಮತ್ತು ಪಿಸ್ಟನ್ ಬದಲಿಸಿದರೆ ಸಾಧ್ಯ. ಹಳೆಯ ಸಿಲಿಂಡರಿನ ಪೋರ್ಟನ್ನು ಗಂಟೆಗಟ್ಟಲೆ ಕೆರೆದು ಗಳಿಸುವುದಕ್ಕಿಂತ ಇದು ಹೆಚ್ಚು ಭರವಸೆಯ ದಾರಿ ಎಂದು ನಾನು ನಂಬಿದ್ದೇನೆ. ಪಿಸ್ಟನ್ ಪಿನ್ನಿನ ವ್ಯಾಸ ಮತ್ತು ಸೂಜಿ ಬೇರಿಂಗು ನಿಮ್ಮ ಕನೆಕ್ಟಿಂಗ್ ರಾಡಿಗೆ ಕೂರುತ್ತವೆಯೇ ಎಂಬುದನ್ನು ಕೊಳ್ಳುವ ಮುನ್ನವೇ ಅಳೆದು ನೋಡಿ.

ಮೂಲ ತಯಾರಕರದ್ದಲ್ಲದ ಸಿಲಿಂಡರ್ ಕೊಂಡರೆ ಪೋರ್ಟುಗಳ ಅಂಚನ್ನು ಉಗುರಿನಿಂದ ಸವರಿ ಪರೀಕ್ಷಿಸಿ. ನನಗೆ ಸಿಕ್ಕಿದ ಒಂದರಲ್ಲಿ ಅಂಚು ಬ್ಲೇಡಿನಂತಿತ್ತು. ಗಮನಿಸದೆ ಜೋಡಿಸಿದ್ದರಿಂದ ರಿಂಗ್ ಸಿಕ್ಕಿಕೊಂಡು ಮುರಿಯಿತು. ಅಂಚನ್ನು ನುಣುಪು ಮಾಡುವಾಗ ಕಲ್ಲು ಯಾವಾಗಲೂ ಬೋರಿನಿಂದ ಪೋರ್ಟಿನ ಒಳಕ್ಕೆ ಚಲಿಸಬೇಕು, ಇಲ್ಲವಾದರೆ ಗೋಡೆಯ ಗಟ್ಟಿ ಲೇಪನ ಎದ್ದು ಬರುತ್ತದೆ. ಎಕ್ಸಾಸ್ಟ್ ಪೋರ್ಟನ್ನು ಅಗಲಿಸಲೇಬೇಕೆಂದಿದ್ದರೆ ಬೋರಿನ ಶೇ 65ರ ಆಸುಪಾಸಿನಲ್ಲಿ ನಿಲ್ಲಿಸಿ. ಪಿಸ್ಟನ್ ಮೇಲಿದ್ದಾಗ ಅದರ ಸ್ಕರ್ಟ್ (ಪಿಸ್ಟನ್ನಿನ ಕೆಳಗಿನ ಗೋಡೆ) ಪೋರ್ಟನ್ನು ಎರಡೂ ಬದಿಯಲ್ಲಿ ಕನಿಷ್ಠ 2 ಮಿಲಿಮೀಟರಿನಷ್ಟಾದರೂ ದಾಟಿ ಮುಚ್ಚಬೇಕು. ಪೋರ್ಟಿನ ಮೇಲಂಚನ್ನು, ಕ್ರ್ಯಾಂಕಿನ ತಿರುವನ್ನು ಅಳೆಯುವ ಡಿಗ್ರಿ ಚಕ್ರವಿಲ್ಲದೆ ಮುಟ್ಟಬೇಡಿ. ಅಲ್ಲಿ ಒಮ್ಮೆ ಕೆರೆದ ಲೋಹ ಮರಳಿ ಬರುವುದಿಲ್ಲ.

ಫ್ಲೈವೀಲಿನ ಕೀ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಬಿಟ್ಟುಬಿಡಿ. ಕಿಡಿಯನ್ನು ಮುಂಚಿತಗೊಳಿಸಿ ಕಂಪ್ರೆಷನ್ನನ್ನೂ ಏರಿಸಿದರೆ, ಹಗ್ಗ ಎಳೆಯುವಾಗ ಎಂಜಿನ್ ಹಿಂದಕ್ಕೆ ಒದ್ದು ಬೆರಳಿಗೂ ಸ್ಟಾರ್ಟರಿನ ಕೊಕ್ಕೆಗೂ ಪೆಟ್ಟಾಗುತ್ತದೆ. ಭಾರದಲ್ಲಿ ಮಿಶ್ರಣ ಅಕಾಲದಲ್ಲಿ ಸಿಡಿಯುವ ಅಪಾಯವೂ ಇದೆ.

ಯಾವ ಮಾರ್ಪಾಡಿಗೂ ಮೊದಲು ಚೈನ್ ಬ್ರೇಕು, ಚೈನ್ ಹಿಡಿಯುವ ಕೊಕ್ಕೆ ಮತ್ತು ಕಂಪನ ತಡೆಯುವ ರಬ್ಬರುಗಳು ಸುಸ್ಥಿತಿಯಲ್ಲಿವೆಯೇ ನೋಡಿ. ಹೆಚ್ಚಿದ ಶಕ್ತಿ ಕಿಕ್‌ಬ್ಯಾಕಿನಲ್ಲೂ (ಬಾರ್ ಥಟ್ಟನೆ ನಮ್ಮ ಕಡೆಗೆ ಚಿಮ್ಮುವುದು) ಹೆಚ್ಚೇ ಇರುತ್ತದೆ.

ದಿಮ್ಮಿಗಾರ

ಪರೀಕ್ಷೆ ಮುಗಿಯಿತು. ಒತ್ತಡ 20 ಸೆಕೆಂಡು ಅಲುಗದೆ ನಿಂತಿತು, ನಿರ್ವಾತ ಮಾತ್ರ ಐದಾರು ಸೆಕೆಂಡಿನಲ್ಲಿ ಬಿದ್ದುಹೋಯಿತು. ಫ್ಲೈವೀಲಿನ ಬದಿಯ ಸೀಲಿಗೆ ಆಯಿಲ್ ಸವರಿದಾಗ ಮುಳ್ಳು ಸ್ವಲ್ಪ ಹೊತ್ತು ನಿಂತಿದ್ದರಿಂದ ಸೋರಿಕೆ ಅಲ್ಲಿಯೇ ಎಂದು ತಿಳಿಯಿತು. ಸ್ಕ್ವಿಶ್ ಎರಡೂ ಬದಿಯಲ್ಲಿ 0.9 ಮಿಲಿಮೀಟರ್ ಇದೆ. ಚೈನನ್ನು ಅರೆದು ರೇಕರ್ ತಗ್ಗಿಸಿದ್ದೇನೆ, ಆದರೆ ಸೀಲ್ ಬದಲಿಸುವವರೆಗೆ ಎಂಜಿನ್ ಚಾಲೂ ಮಾಡುವುದಿಲ್ಲ. ಹಳೆಯ ಸೀಲನ್ನು ಕ್ರ್ಯಾಂಕ್‌ಕೇಸ್ ಬಿಚ್ಚದೆ ತೆಗೆಯಬಹುದೇ?

ಕ್ರ್ಯಾಂಕ್‌ಕೇಸ್

ತೆಗೆಯಬಹುದು. ಸೀಲಿನ ಲೋಹದ ಮುಖದಲ್ಲಿ ಶಾಫ್ಟಿನಿಂದ ದೂರಕ್ಕೆ ಒಂದು ಸಣ್ಣ ರಂಧ್ರವನ್ನು ಎಚ್ಚರದಿಂದ ಕೊರೆದು, ಅದರಲ್ಲಿ ಸ್ಕ್ರೂ ತಿರುಗಿಸಿ ನೇರವಾಗಿ ಹೊರಕ್ಕೆ ಎಳೆಯಿರಿ. ಡ್ರಿಲ್ಲಿನ ತುದಿಗೆ ಗ್ರೀಸ್ ಹಚ್ಚಿದರೆ ಲೋಹದ ಪುಡಿ ಅದಕ್ಕೇ ಅಂಟುತ್ತದೆ, ಬೇರಿಂಗಿಗೆ ಬೀಳುವುದಿಲ್ಲ. ಸೀಲ್ ಕೂರುವ ಜಾಗದಲ್ಲಾಗಲಿ ಶಾಫ್ಟಿನ ಮೇಲಾಗಲಿ ಗೀರು ಬೀಳಬಾರದು. ಹೊಸ ಸೀಲಿನ ತುಟಿಗೆ ಗ್ರೀಸ್ ಸವರಿ, ಶಾಫ್ಟಿನ ಮೆಟ್ಟಿಲಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ ಅದರ ಮೇಲಿಂದ ಜಾರಿಸಿ, ಸರಿಯಾದ ವ್ಯಾಸದ ಕೊಳವೆಯಿಂದ ಸಮನಾಗಿ ತಟ್ಟಿ ಕೂರಿಸಿ. ಕ್ಲಚ್ ಬದಿಯ ಸೀಲಿಗೂ ಅಷ್ಟೇ ವಯಸ್ಸಾಗಿರುವುದರಿಂದ ಎರಡನ್ನೂ ಒಟ್ಟಿಗೆ ಬದಲಿಸಿ, ಬಳಿಕ ನಿರ್ವಾತ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. 0.9 ಮಿಲಿಮೀಟರ್ ಸ್ಕ್ವಿಶ್ ಇರುವಾಗ 0.5ರ ಗ್ಯಾಸ್ಕೆಟ್ ಪೂರ್ತಿ ತೆಗೆದರೆ 0.4 ಉಳಿಯುತ್ತದೆ, ನಾನಾಗಿದ್ದರೆ ತೆಗೆಯುತ್ತಿರಲಿಲ್ಲ, ತೆಳು ಗ್ಯಾಸ್ಕೆಟ್ ಹುಡುಕುತ್ತಿದ್ದೆ.