ಮಳೆಗಾಲದ ರಾತ್ರಿ ನೆಟ್‌ವರ್ಕ್ ಇಲ್ಲ, ಹಾವು ಕಚ್ಚಿದವರು ಬಂದರೆ ಏನು ನೋಡ್ತೀರಿ?

ಮಲೆನಾಡಿನ ಎಂಒ:
ನಾನು ಮೆಡಿಕಲ್ ಆಫೀಸರ್, ನಮ್ಮದು ಹೊಸನಗರ ಕಡೆಯ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ). ಮಳೆ ಹಿಡಿದರೆ ಕರೆಂಟು ಹೋಗತ್ತೆ, ಅದರ ಬೆನ್ನಿಗೇ ಟವರೂ ಹೋಗತ್ತೆ. ತೋಟದಲ್ಲಿ ಹಾವು ಕಚ್ಚಿಸಿಕೊಂಡು ಬರುವವರೂ ಆಗಲೇ ಹೆಚ್ಚು. ನೆಟ್ ಇದ್ದಾಗ ಹುಡುಕಿದರೂ ಮೊದಲು ಬರೋದು ಅಮೆರಿಕದ ಪುಟಗಳು: ರ‍್ಯಾಟಲ್ ಸ್ನೇಕ್, ಅಲ್ಲಿನ ಔಷಧಿ, ಫೈಬ್ರಿನೋಜನ್ (ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್) ಪರೀಕ್ಷೆ. ನನ್ನ ಹತ್ತಿರ ಇರೋದು ಗಾಜಿನ ಟ್ಯೂಬು, ಗಡಿಯಾರ, ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷದ ಇಂಜೆಕ್ಷನ್). ವೈದ್ಯರು ಚಿಕಿತ್ಸೆಯ ಮಾಹಿತಿ ನೋಡುವ ಅಪ್‌ಟುಡೇಟ್ ಅನ್ನೋ ವೆಬ್‌ಸೈಟಿಗೆ ದುಡ್ಡು ಕಟ್ಟಬೇಕು. ಹಳ್ಳಿಯಲ್ಲಿ ಕೂತು ರೋಗಿ ನೋಡೋರು ಫೋನಿನಲ್ಲಿ ಏನು ಇಟ್ಟುಕೊಂಡಿದ್ದೀರಿ?

ಶಿರಸಿ ಡಾಕ್ಟ್ರು:
ಡಬ್ಲ್ಯುಎಚ್‌ಒ ಆಗ್ನೇಯ ಏಷ್ಯಾ ಕಚೇರಿಯ 2016ರ ಹಾವು ಕಡಿತ ಮಾರ್ಗಸೂಚಿ ಇಳಿಸಿಕೊಳ್ಳಿ ಮೇಡಂ, ಉಚಿತ. ಆದರೆ ದೊಡ್ಡ ಪಿಡಿಎಫ್, ರೋಗಿಯ ಮುಂದೆ ನಿಂತು ಪುಟ ತಿರುವೋಕಾಗಲ್ಲ. ಬೇಕಾದಷ್ಟರ ಸ್ಕ್ರೀನ್‌ಶಾಟ್ ತೆಗೆದು ಬೇರೆ ಫೋಲ್ಡರ್ ಮಾಡಿ. ನನ್ನದರಲ್ಲಿ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ (ಗಾಜಿನ ಟ್ಯೂಬಿಗೆ ರಕ್ತ ಹಾಕಿ 20 ನಿಮಿಷ ಬಿಟ್ಟು ನೋಡೋದು, ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಅಂತ), ಎಎಸ್‌ವಿಗೆ ರಿಯಾಕ್ಷನ್ ಬಂದರೆ ಅಡ್ರಿನಲಿನ್ ಡೋಸು, ನರಕ್ಕೆ ವಿಷ ಏರಿದಾಗ ಕೊಡುವ ನಿಯೋಸ್ಟಿಗ್ಮಿನ್ ಔಷಧಿಯ ಪುಟ ಇವೆ. ಮಕ್ಕಳಿಗೂ ದೊಡ್ಡವರಷ್ಟೇ ಎಎಸ್‌ವಿ ಅನ್ನೋ ಸಾಲಿಗೆ ಕೆಂಪು ಗೆರೆ ಎಳೆದಿದ್ದೇನೆ. ಮಗು ಅಂತ ಹಾವು ವಿಷ ಕಡಿಮೆ ಬಿಡೋದಿಲ್ಲ, ಗಾಬರಿಯಲ್ಲಿ ತೂಕ ಲೆಕ್ಕ ಹಾಕಿ ಡೋಸ್ ಇಳಿಸೋರಿದ್ದಾರೆ.

ಸ್ಟಾಫ್ ನರ್ಸ್, ತೀರ್ಥಹಳ್ಳಿ:
ಮೇಡಂ, ಆ ಟ್ಯೂಬು ಗಾಜಿನದೇ ಆಗಬೇಕು, ಹೊಸದೂ ಒಣಗಿದ್ದೂ ಆಗಿರಬೇಕು. ಪ್ಲಾಸ್ಟಿಕ್ಕಿನಲ್ಲೋ ಸೋಪಿನಲ್ಲಿ ತೊಳೆದದ್ದರಲ್ಲೋ ರಕ್ತ ಹಾಕಿದರೆ ವಿಷ ಏರದಿದ್ದರೂ ಹೆಪ್ಪುಗಟ್ಟದೆ ಉಳೀಬಹುದು. ಮಾರ್ಗಸೂಚಿ ಡಾಕ್ಟರ ಫೋನಲ್ಲಿರುತ್ತೆ, ಅವರು ಕ್ವಾರ್ಟರ್ಸಿನಿಂದ ಬರೋದ್ರೊಳಗೆ ರಕ್ತ ತೆಗೆಯೋರು ನಾವು. ದಯವಿಟ್ಟು ಆ ಪುಟವನ್ನು ಕನ್ನಡದಲ್ಲಿ ಬರೆದು ಎಮರ್ಜೆನ್ಸಿ ಟ್ರೇ ಹತ್ತಿರ ಅಂಟಿಸಿ.

ಮಲೆನಾಡಿನ ಎಂಒ:
ಸಿಸ್ಟರ್, ಇವತ್ತೇ ಬರೆದು ಅಂಟಿಸ್ತೇನೆ. ನನ್ನ ದೊಡ್ಡ ಚಿಂತೆ ಇನ್ನೊಂದು. ನಮ್ಮ ಎಎಸ್‌ವಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಮೂತಿ ಮೇಲಕ್ಕೆ ತಿರುಗಿದ ಆ ಪುಟ್ಟ ಹಂಪ್‌ನೋಸ್ಡ್ ಪಿಟ್ ವೈಪರ್ ಕಚ್ಚಿದರೆ?

ಶಿರಸಿ ಡಾಕ್ಟ್ರು:
ಅದಕ್ಕೆ ಈ ಎಎಸ್‌ವಿ ನಾಟೋದಿಲ್ಲ, ರಿಯಾಕ್ಷನ್ನಿನ ಅಪಾಯ ಮಾತ್ರ ಉಳಿಯುತ್ತೆ. ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಲೇಖನ ಹುಡುಕುವ ವೆಬ್‌ಸೈಟು) 'ಹಿಪ್ನಾಲೆ' (Hypnale, ಆ ಹಾವಿನ ವೈಜ್ಞಾನಿಕ ಹೆಸರು) ಅಂತ ಹುಡುಕಿ. ಕೇರಳ, ಶ್ರೀಲಂಕಾದ ವೈದ್ಯರು ಬರೆದ ಕೇಸುಗಳಿವೆ, ಎಷ್ಟೋ ಪೂರ್ತಿ ಉಚಿತ. ನಮ್ಮ ತೋಟಗಳಿಗೆ ಹೊಂದೋದು ಅವೇ. ಕಿಡ್ನಿ ಕೆಡೋದನ್ನೂ ಅದರಲ್ಲಿ ಹೇಳಿದ್ದಾರೆ. ಹಾಗಾಗಿ ಬಾವು ಇಳಿಯಿತು ಅಂತ ಮನೆಗೆ ಕಳಿಸಬೇಡಿ. ಮೂತ್ರ ಅಳೆಸಿ, ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ಮಾಡಿಸಿ. ಮೂತ್ರ ಕಡಿಮೆಯಾದರೆ ಬೆಳಗಾಗೋದನ್ನ ಕಾಯದೆ ಡಯಾಲಿಸಿಸ್ ಇರೋ ಕಡೆ 108ರಲ್ಲಿ ಕಳಿಸಿ.