ಸಹಾಯ ಬೇಕು: ಯುಕೆಜಿ ಮಗುವಿನ ಸಂಕ್ರಾಂತಿ ಕಾರ್ಡಿಗೆ ನಾವು ಎಷ್ಟು ಕೈಹಾಕಬೇಕು?

ತುಮಕೂರಿನ ಯುಕೆಜಿ, ಒಂದನೇ ಕ್ಲಾಸ್ ಟೀಚರ್‌ಗಳು ಇದ್ರೆ ದಯವಿಟ್ಟು ಹೇಳಿ. ಮಗು ಕ್ಲಾಸಿನ ಎಲ್ಲರಿಗೂ ಸಂಕ್ರಾಂತಿ ಕಾರ್ಡ್ ಮಾಡ್ಬೇಕು, ಎಳ್ಳು-ಬೆಲ್ಲದ ಜೊತೆ ಕೊಡೋಕೆ. ಎ4 ಡ್ರಾಯಿಂಗ್ ಶೀಟನ್ನ ಎರಡು ತುಂಡು ಮಾಡಿ, ಒಂದೊಂದನ್ನೂ ಮಧ್ಯಕ್ಕೆ ಮಡಚಿ ಕೊಟ್ಟಿದೀವಿ. ಕಬ್ಬಿನ ಜಲ್ಲೆಗೆ ಬೇಕಾದ ನೇರ ಪಟ್ಟಿಗಳನ್ನ ಮೊಂಡು ಕತ್ತರೀಲಿ ಮಗುವೇ ಕತ್ತರಿಸುತ್ತೆ. ಪೊಂಗಲ್ ಮಡಕೆಯ ದುಂಡು ಮಾತ್ರ ಆಗ್ತಿಲ್ಲ: ಕಾಗದ ಹಿಡಿದ ಕೈ ತಿರುಗಲ್ಲ, ಕತ್ತರಿ ಹಿಡಿದ ಕೈನೇ ತಿರುಚುತ್ತೆ, ಅಂಚು ಹರಿದುಹೋಗುತ್ತೆ. ಗಮ್ ಜಾಸ್ತಿಯಾದ್ರೆ ಕಾಗದ ಸುಕ್ಕಾಗಿ, ಕಾರ್ಡ್ ಮೇಲೆ ಅಂಟಿಸಿದ ಎಳ್ಳು ಜಾರುತ್ತೆ. ಕಿವಿ ಬಡ್ಸಲ್ಲಿ ಒಂದೊಂದು ಚುಕ್ಕೆ ಇಡಿಸಿದ್ಮೇಲೆ ಅದು ಸರಿಹೋಯ್ತು.

ದೊಡ್ಡ ತೊಡಕು ಅಕ್ಷರದ್ದು. ‘ಕ್ರಾಂ’ ಬರೆಯೋಕೆ ಕಕಾರ, ದೀರ್ಘ, ರ ಒತ್ತು, ಸೊನ್ನೆ ಎಲ್ಲಾ ಕೂಡ್ಬೇಕು. ಮಗುವಿಗೆ ಒತ್ತಕ್ಷರ ಇನ್ನೂ ಕಲಿಸಿಲ್ಲ. ಪೆನ್ಸಿಲ್ ಚುಕ್ಕಿ ಇಟ್ಟು ತಿದ್ದಿಸಿದ್ರೆ ನೆಟ್ಟಗೆ ಬರುತ್ತೆ, ಆದ್ರೆ ಎರಡ್ಮೂರು ಕಾರ್ಡಿಗೇ ಬೆರಳು ನೋವು ಅಂತ ಎದ್ದುಬಿಡುತ್ತೆ. ಪೂರ್ತಿ ನಾವೇ ಬರೆದ್ರೆ ಅದು ಮಗುವಿನ ಕಾರ್ಡೇ ಅಲ್ಲ. ಅದಂತೂ ಸುತರಾಂ ಬೇಡ. ಸೊಟ್ಟಗಿದ್ರೂ ಅದರದ್ದೇ ಕೈಬರಹ ಇರ್ಲಿ.

ಹಾಗಾಗಿ ಕೇಳ್ತಿರೋದು: ಶುಭಾಶಯ ನಾವು ಬರೆದು, ಹೆಸರನ್ನಷ್ಟೇ ಮಗು ಬರೆದ್ರೆ ಸಾಕಾ, ಇಲ್ಲಾ ಚುಕ್ಕಿ ತಿದ್ದಿಸ್ಲೇಬೇಕಾ? ಮಡಕೆ ನಾವು ಕತ್ತರಿಸಿ ಕೊಡ್ಬಹುದಾ?