ತುರ್ತು: ಫ್ಲೆಕ್ಸ್‌ಗೆ ‘ದೀರ್ಘಾವಧಿ ಭೂಬಳಕೆ ಯೋಜನೆ’ ಬದಲು ಏನು ಹಾಕಲಿ?

ಬಳಗದವರಿಗೆ ನಮಸ್ಕಾರ.

ಇವತ್ತು ಸಂಜೆಯೊಳಗೆ ಒಂದು ಪದ ಬೇಕು. ಫ್ಲೆಕ್ಸ್ ಅಂಗಡಿಯವರು ಏಳು ಗಂಟೆಗೆ ಬಾಗಿಲು ಹಾಕುತ್ತಾರೆ.

ಭಾನುವಾರ ನಮ್ಮೂರಲ್ಲಿ ಒಂದು ಸಭೆ ಇದೆ. ಆನೇಕಲ್ ತಾಲ್ಲೂಕಿನ ಈ ಭಾಗ ಹೇಗೆ ಬೆಳೆಯುತ್ತಿದೆ ಅಂತ ನೀವೆಲ್ಲ ಬಲ್ಲಿರಿ. ರಾಗಿ ಹೊಲದ ಬದುವಿಗೆ ಅಂಟಿಕೊಂಡೇ ಅಪಾರ್ಟ್‌ಮೆಂಟ್ ಕಾಂಪೌಂಡ್ ಎದ್ದಿದೆ. ಮುಂದೆ ಯಾವ ಜಮೀನು ಮನೆಗೆ, ಯಾವುದು ಕಾರ್ಖಾನೆಗೆ, ಯಾವುದು ಬೇಸಾಯಕ್ಕೇ ಉಳಿಯಬೇಕು ಎಂದು ಮಾಸ್ಟರ್ ಪ್ಲಾನ್‌ನಲ್ಲಿ ಗುರುತು ಮಾಡುತ್ತಾರಲ್ಲ, ಅದನ್ನು ಜನರಿಗೆ ವಿವರಿಸುವ ಸಭೆ. ನಾನು ‘ದೀರ್ಘಾವಧಿ ಭೂಬಳಕೆ ಯೋಜನೆ: ಮಾಹಿತಿ ಸಭೆ’ ಎಂದು ಬರೆದು, ಟೀ ಅಂಗಡಿ ಮುಂದೆ ಕೂತಿದ್ದವರಿಗೆ ತೋರಿಸಿದೆ. ಒಬ್ಬರು “ಎಕರೆಗೆ ಎಷ್ಟು ಕೊಡ್ತಾರಂತೆ?” ಅಂದರು. ಇನ್ನೊಬ್ಬರು “ಅರ್ಜಿ ಎಲ್ಲಿ ಸಿಗುತ್ತೆ?” ಅಂದರು. ಮೊದಲನೆಯವರಿಗೆ ಇದು ಭೂಸ್ವಾಧೀನ. ಎರಡನೆಯವರಿಗೆ ಗೃಹಲಕ್ಷ್ಮಿ ಥರ ಇನ್ನೊಂದು ಸರ್ಕಾರಿ ಯೋಜನೆ.

ಜೊತೆಗೆ, ಇಂಥ ಹೊರವಲಯದ ಟೌನ್‌ಶಿಪ್‌ಗೆ ‘ಉಪನಗರ’ ಅನ್ನಬಹುದಾ?

— ಚಂದಾಪುರ ಕಡೆಯಿಂದ

*

ಇದರಲ್ಲಿ ಚರ್ಚೆಗೆ ಏನಿದೆ? ಸರ್ಕಾರಿ ಕಾಗದಗಳಲ್ಲಿ ಮಾಸ್ಟರ್ ಪ್ಲಾನ್‌ಗೆ ‘ಮಹಾಯೋಜನೆ’ ಎಂದು ಬಳಸುತ್ತಲೇ ಇದ್ದಾರೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಹೆಸರಲ್ಲೇ ಯೋಜನೆ ಇದೆ. ಉಪನಗರವೂ ಸರಿ. ಯಲಹಂಕ ನ್ಯೂ ಟೌನ್ ಕನ್ನಡದಲ್ಲಿ ಯಲಹಂಕ ಉಪನಗರ, ಕೆಂಗೇರಿ ಸ್ಯಾಟಲೈಟ್ ಟೌನ್ ಕೆಂಗೇರಿ ಉಪನಗರ. ಟೀ ಅಂಗಡಿಯವರನ್ನು ಕೇಳಿ ಪದ ಕಟ್ಟಲು ಆಗುವುದಿಲ್ಲ.

— ಮೈಸೂರಿನಿಂದ

*

ಟೀ ಅಂಗಡಿಯವರನ್ನು ಕೇಳದೆ ಕಟ್ಟಿದ್ದಕ್ಕೇ ಈ ಗತಿ. ‘ದೀರ್ಘಾವಧಿ ಭೂಬಳಕೆ ಯೋಜನೆ’ಯಲ್ಲಿ ಕನ್ನಡದ್ದು ‘ಬಳಕೆ’ ಒಂದೇ. ನನ್ನ ಸಲಹೆ: ‘ನೆಲಬಳಕೆಯ ಮುನ್ನೋಟ’, ಇಲ್ಲವೇ ‘ನೆಲಬಳಕೆ ಹಮ್ಮುಗೆ’. ಹಮ್ಮುಗೆ ಅಂದರೆ ಪ್ಲಾನ್.

ಉಪನಗರ ಸುತರಾಂ ಬೇಡ. ಕನ್ನಡಕ್ಕೆ ‘ಹೊಳಲು’ ಇದೆ. ಹಳಗನ್ನಡದ ಪೊೞಲ್, ಅಂದರೆ ಪಟ್ಟಣ. ಹೊಳಲ್ಕೆರೆಯಲ್ಲಿ ಇರುವುದು ಅದೇ. ಕೆ.ಆರ್. ಪೇಟೆ ಪಕ್ಕದ ಹೊಸಹೊಳಲು ನೋಡಿ. ಹೊಯ್ಸಳರ ಲಕ್ಷ್ಮೀನಾರಾಯಣ ಗುಡಿ ಇರುವ ಊರು. ಆ ಹೆಸರಿಗೆ ಅರ್ಥವೇ ‘ನ್ಯೂ ಟೌನ್’! ಇಷ್ಟು ಚಂದದ ಪದ ಇಟ್ಟುಕೊಂಡು ಯಲಹಂಕಕ್ಕೆ ಉಪನಗರ ಎಂದು ಹೆಸರಿಟ್ಟರು. ನಿಮ್ಮ ಊರಿಗೆ ‘ಹೊರಹೊಳಲು’ ಅನ್ನಿ.

— ಶಿವಮೊಗ್ಗದಿಂದ

*

ಹಮ್ಮು ಅಂದರೆ ನಮ್ಮ ಕಡೆ ಸೊಕ್ಕು. ‘ನೆಲಬಳಕೆ ಹಮ್ಮುಗೆ’ ಅಂತ ಫ್ಲೆಕ್ಸ್ ಹಾಕಿದರೆ ಯಾವುದೋ ಗೌಡರ ಜಂಬದ ವಿಷಯ ಅಂದುಕೊಳ್ಳುತ್ತಾರೆ. ಹೊರಹೊಳಲು ಓದಿದವರು ಹೊಳೆ ಎಲ್ಲಿದೆ ಎಂದು ಕೇಳುತ್ತಾರೆ.

ಇನ್ನೊಂದು ಮಾತು. ಜಮೀನಿನ ಮಾತುಗಳು ಊರಿಂದ ಊರಿಗೆ ಬೇರೆ. ಬೇಸಾಯದ ಜಮೀನನ್ನು ಬೇರೆ ಬಳಕೆಗೆ ಬದಲಿಸಿದರೆ ನಿಮ್ಮಲ್ಲಿ ‘ಕನ್ವರ್ಷನ್ ಆದ ಸೈಟು’. ಹುಬ್ಬಳ್ಳಿ ಧಾರವಾಡದಲ್ಲಿ ‘ಎನ್‌ಎ ಆದ ಪ್ಲಾಟ್’. ಅದೇ ನೆಲ, ಅದೇ ಆದೇಶ. ಆದ್ದರಿಂದ ಇಡೀ ಕನ್ನಡಕ್ಕೆ ಒಂದೇ ಪದ ಹುಡುಕಬೇಡಿ, ಆನೇಕಲ್‌ಗೆ ಹುಡುಕಿ.

— ಧಾರವಾಡದಿಂದ

*

ನಾನು ಈ ಮಾಸ್ಟರ್ ಪ್ಲಾನ್ ಕೆಲಸದಲ್ಲೇ ಇದ್ದು ನಿವೃತ್ತನಾದವನು. ಧಾರವಾಡದವರ ಮಾತಿಗೆ ನನ್ನ ಓಟು. ಜಮೀನು ಇರುವವರು ಈಗಾಗಲೇ ಬಳಸುತ್ತಿರುವ ಮಾತನ್ನು ಮೊದಲು ಕೇಳಿಸಿಕೊಳ್ಳಿ.

ಅವರು ಭೂಬಳಕೆ ಅನ್ನುವುದಿಲ್ಲ. ಬಣ್ಣ ಹೇಳುತ್ತಾರೆ. “ನಮ್ದು ಯೆಲ್ಲೋ ಆಗಿದೆ”, “ಅಣ್ಣನ ಭಾಗ ಗ್ರೀನ್‌ಗೆ ಬಿತ್ತು.” ನಕ್ಷೆಯಲ್ಲಿ ವಾಸದ ಜಾಗಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ ಆಸ್ಪತ್ರೆಯಂಥ ಸಾರ್ವಜನಿಕ ಬಳಕೆಗೆ ಕೆಂಪು, ಪಾರ್ಕಿಗೆ ಹಸಿರು, ಬೇಸಾಯಕ್ಕೆ ತಿಳಿ ಹಸಿರು. ಒಂದೇ ಸರ್ವೆ ನಂಬರಿನ ಮಧ್ಯೆ ಗೆರೆ ಹಾದು ಅರ್ಧ ಹಳದಿ, ಅರ್ಧ ಹಸಿರು ಆಗಿ, ಅಣ್ಣ ತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿದ್ದೇನೆ. ನಕ್ಷೆಯಲ್ಲಿ ಬರೆದ ರಸ್ತೆಗೆ ಇವತ್ತಿಗೂ ‘ಸಿಡಿಪಿ ರೋಡ್’ ಅನ್ನುತ್ತಾರೆ. ಕಾಯ್ದೆಯಲ್ಲಿ ಓಡಿಪಿ, ಸಿಡಿಪಿ ಎಂಬ ಹಳೆಯ ಎರಡು ಬಗೆಯ ಪ್ಲಾನ್‌ಗಳೂ ಹೋಗಿ ಮಾಸ್ಟರ್ ಪ್ಲಾನ್ ಒಂದೇ ಆಗಿ ಎಷ್ಟೋ ವರ್ಷವಾಯಿತು. ಬ್ರೋಕರ್ ಬಾಯಲ್ಲಿ ಮಾತ್ರ ಸಿಡಿಪಿ ಗಟ್ಟಿಯಾಗಿದೆ.

ಎರಡು ಎಚ್ಚರಿಕೆ. ‘ನಿಮ್ಮ ಜಮೀನು ಯಾರೂ ತಗೊಳ್ಳಲ್ಲ’ ಎಂದು ಮಾತ್ರ ಹಾಕಬೇಡಿ. ಹಳದಿ ಆದ ಮಾತ್ರಕ್ಕೆ ಜಮೀನು ಕೈಬಿಡುವುದಿಲ್ಲ, ನಿಜ. ಹಾಗೆಂದು ನಾಳೆಯೇ ಸೈಟು ಮಾಡಲೂ ಆಗುವುದಿಲ್ಲ, ಲೇಔಟ್ ಮಂಜೂರಾತಿ ಬೇರೆ ಹಂತ. ಆದರೆ ಪಾರ್ಕು, ರಸ್ತೆ ಎಂದು ಗುರುತಾದ ಜಾಗವನ್ನು ಮುಂದೆ ಸ್ವಾಧೀನ ಮಾಡಿಕೊಳ್ಳುವ ದಾರಿ ಕಾಯ್ದೆಯಲ್ಲಿದೆ. ಟೀ ಅಂಗಡಿಯ ಮೊದಲನೆಯವರ ಭಯ ಪೂರ್ತಿ ಸುಳ್ಳಲ್ಲ.

ಇಸವಿಯನ್ನೂ ಹಾಕಬೇಡಿ. ಕಾಯ್ದೆ ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಿ ಅನ್ನುತ್ತದೆ. ನಡೆಯುವುದು ಬೇರೆ. ಬೆಂಗಳೂರಿನ 2015ರ ಮಹಾಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. 2031ರ ಕರಡು 2017ರಲ್ಲಿ ಬಂತು, 2020ರಲ್ಲಿ ವಾಪಸ್ ಹೋಯಿತು. ಹೆಸರಲ್ಲಿ 2015 ಇದ್ದ ನಕ್ಷೆಯೇ ಆಮೇಲೂ ನಡೆಯಿತು. ಜನ ತಿಳಿಯಬೇಕಾದ ಲೆಕ್ಕ ಒಂದೇ: ಕರಡು ಪ್ರಕಟವಾದ ಮೇಲೆ ಒಪ್ಪಿಗೆ ಇಲ್ಲದ್ದನ್ನು ಬರೆದುಕೊಡಲು ಇರುವುದು 60 ದಿನ.

— ಬೆಂಗಳೂರಿನಿಂದ

*

ಹಿರಿಯರ ವಿವರಣೆ ಚೆನ್ನಾಗಿದೆ. ಆದರೆ ಯೆಲ್ಲೋ, ಗ್ರೀನ್ ಎಂದು ಫ್ಲೆಕ್ಸಿನಲ್ಲಿ ಬರೆಯುವುದಾದರೆ ಈ ಬಳಗ ಯಾಕೆ ಬೇಕು? ‘ನೆಲ’ ಇರುವಾಗ ‘ಭೂ’ ಬೇಡ ಎಂಬ ನನ್ನ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ.

— ಶಿವಮೊಗ್ಗದಿಂದ

*

ಉತ್ತರ ಇಲ್ಲಿದೆ. ನೆಲ ಅಂದರೆ ಮನೆಯೊಳಗೆ ಒರೆಸುವ ನೆಲವೂ ಹೌದು. ರೈತ ತನ್ನದನ್ನು ‘ಜಮೀನು’ ಅನ್ನುತ್ತಾನೆ, ‘ಹೊಲ’ ಅನ್ನುತ್ತಾನೆ. ಜಮೀನು ಪಾರಸಿ. ಮಳೆ ನಂಬಿದ ಖುಷ್ಕಿ, ನೀರಾವರಿಯ ತರಿ, ತೋಟದ ಬಾಗಾಯ್ತು ಮೂರೂ ಪಾರಸಿ. ಸಾಗುವಳಿಗೆ ಬಾರದ ಖರಾಬು ಅರಬ್ಬಿ. ನಕ್ಷೆ ಅರಬ್ಬಿ. ‘ರೈತ’ನೇ ಅರಬ್ಬಿಯಿಂದ ಬಂದವನು. ಎಕರೆ ಇಂಗ್ಲಿಷು. ನಿಮ್ಮ ಪೆಟ್ಟೆಲ್ಲ ಸಂಸ್ಕೃತಕ್ಕೆ ಮಾತ್ರ ಯಾಕೆ ಸ್ವಾಮಿ? ಪಹಣಿಯನ್ನು ಒಮ್ಮೆ ‘ಕನ್ನಡದ್ದೇ’ ಪದಗಳಲ್ಲಿ ಬರೆದು ಕಳಿಸಿ, ಓದೋಣ.

ಬಡಾವಣೆಯೂ ನಿಮ್ಮದಲ್ಲ. ಹಿಂದಿಯ ‘ಬಢಾನಾ’, ಹೆಚ್ಚಿಸು ಎಂಬ ಅರ್ಥದ್ದು. ಇಂಗ್ಲಿಷಿನ ‘ಎಕ್ಸ್‌ಟೆನ್ಷನ್’ ಎಂಬುದಕ್ಕೆ ಅದನ್ನು ಒಗ್ಗಿಸಿಕೊಂಡರು. ಈಗ ಅದಕ್ಕಿಂತ ಅಚ್ಚಗನ್ನಡ ಕೇಳಿಸುವ ಪದ ಉಂಟೇ?

— ಮೈಸೂರಿನಿಂದ

*

ಬಾಯಲ್ಲಿ ನೆಲೆಸಿದ್ದು ಕನ್ನಡ. ಅದೇ ನನ್ನ ತತ್ವ. ಜಮೀನು ಬಾಯಲ್ಲಿದೆ, ‘ದೀರ್ಘಾವಧಿ’ ಇಲ್ಲ. ಇದರಲ್ಲಿ ಗೊಂದಲ ಏನು?

— ಶಿವಮೊಗ್ಗದಿಂದ

*

ಹಾಗಾದರೆ ‘ಮಾಸ್ಟರ್ ಪ್ಲಾನ್’ ಕನ್ನಡ, ‘ಹಮ್ಮುಗೆ’ ಕನ್ನಡ ಅಲ್ಲ. ನಿಮ್ಮ ತತ್ವದಿಂದಲೇ.

— ಧಾರವಾಡದಿಂದ

*

ಎಲ್ಲರಿಗೂ ವಂದನೆ. ಐದೂವರೆ ಆಯಿತು. ಹೀಗೆ ಕಳಿಸುತ್ತಿದ್ದೇನೆ:

ನಿಮ್ಮ ಜಮೀನು ಹಳದಿಯೋ, ಹಸಿರೋ?
ಮುಂದಿನ ಮಾಸ್ಟರ್ ಪ್ಲಾನ್‌ನಲ್ಲಿ ನಮ್ಮೂರಿನ ಯಾವ ಜಾಗ ಯಾವುದಕ್ಕೆ? ನಕ್ಷೆ ಓದುವುದನ್ನು ಕಲಿಯೋಣ.
ತಕರಾರು ಇದ್ದರೆ 60 ದಿನದೊಳಗೆ ಬರೆದುಕೊಡುವುದು ಹೇಗೆ?
ಬರುವಾಗ ಪಹಣಿ ತನ್ನಿ.

ಉಪನಗರ, ಹೊಳಲು ಎರಡೂ ಬಿಟ್ಟೆ. ‘ನಮ್ಮೂರು’ ಸಾಕು ಅನ್ನಿಸಿತು. ಹಳದಿ, ಹಸಿರು ಪದಗಳಿಗೆ ಅದೇ ಬಣ್ಣ ಹಾಕಿಸಿದ್ದೇನೆ. ಯೆಲ್ಲೋ ಎಂದು ಓದುವವರು ಓದಿಕೊಳ್ಳಲಿ.

— ಚಂದಾಪುರ ಕಡೆಯಿಂದ

*

‘ತಕರಾರು’ ಬೇಡ. ಜಗಳಕ್ಕೆ ಕರೆದಂತಿದೆ. ಅರಬ್ಬಿಯಲ್ಲಂತೂ ಅದಕ್ಕೆ ‘ಮತ್ತೆ ಮತ್ತೆ ಹೇಳುವುದು’ ಎಂದೇ ಅರ್ಥ. ಅಧಿಸೂಚನೆಯಲ್ಲಿ ಬರುವುದು ‘ಆಕ್ಷೇಪಣೆ ಮತ್ತು ಸಲಹೆ’. ದಯವಿಟ್ಟು ತಿದ್ದಿ.

— ಮೈಸೂರಿನಿಂದ

*

ತಾಲ್ಲೂಕು ಕಚೇರಿಯಲ್ಲಿ ‘ತಕರಾರು ಅರ್ಜಿ’ ಅಂದರೆ ಯಾರಿಗೆ ಬೇಕಾದರೂ ಗೊತ್ತು. ಬಿಡಿ. ಅರ್ಜಿಯ ಒಳಗೆ ಮಾತ್ರ ‘ಆಕ್ಷೇಪಣೆ’ ಎಂದೇ ಬರೆಯಲಿ, ಗುಮಾಸ್ತರು ಹಿಂದಕ್ಕೆ ಕೊಡದಿರಲಿ.

— ಬೆಂಗಳೂರಿನಿಂದ

*

ಮೈಸೂರಿನ ಸಾರ್, ನಿಮ್ಮ ಮೇಲ್ ಬರುವಷ್ಟರಲ್ಲಿ ಪ್ರಿಂಟ್ ಆಗಿತ್ತು. ಅರ್ಜಿ ನಮೂನೆಯಲ್ಲಿ ‘ಆಕ್ಷೇಪಣೆ’ ಹಾಕುತ್ತೇನೆ. ಕರಪತ್ರಕ್ಕೆ ಇನ್ನೊಂದು ಪದ ಬೇಕಿತ್ತು: ಕಟ್ಟಡದ ಸುತ್ತ ಬಿಡಬೇಕಾದ ‘ಸೆಟ್‌ಬ್ಯಾಕ್’. ನಾಳೆ ಮಧ್ಯಾಹ್ನದೊಳಗೆ ಸಿಕ್ಕರೆ ಸಾಕು.

— ಚಂದಾಪುರ ಕಡೆಯಿಂದ